ಮುಚ್ಚಿದ ಕಲ್ಲುಕ್ವಾರಿಯಲ್ಲಿ ಹಸಿರು: ಸಸಿ ತರೋ ಮುಂಚೆ ಏನೇನು ಆಗಬೇಕು?

ಬನ್ನೇರುಘಟ್ಟ_ರಸ್ತೆ
ಆನೇಕಲ್ ತಾಲ್ಲೂಕಿನಲ್ಲಿ ಗುತ್ತಿಗೆ ಮುಗಿದು ಹಾಗೇ ಬಿಟ್ಟಿರುವ ಒಂದು ಕಲ್ಲುಕ್ವಾರಿ, ಸುಮಾರು 3 ಎಕರೆ. ಜಾಗ ಮೂರು ಥರ ಇದೆ. ಮುಕ್ಕಾಲು ಎಕರೆ ಗುಂಡಿ, 15 ಮೀಟರ್ ಆಳ, ತಳದಲ್ಲಿ ನೀರು. ಅದರ ಪಕ್ಕ ಮುಕ್ಕಾಲು ಎಕರೆ ಬರೀ ಬಂಡೆ ಚಪ್ಪಡಿ, ಮಣ್ಣೇ ಇಲ್ಲ. ರಸ್ತೆ ಕಡೆಗೆ ಮೇಲ್ಮಣ್ಣು, ದಪ್ಪ ಕಲ್ಲು, ಕ್ರಷರ್ ಪುಡಿ ಎಲ್ಲ ಕಲಸಿ ಸುರಿದಿರುವ ದಿಬ್ಬ, ಒಂದೂವರೆ ಎಕರೆ. ಒಂದು ಕಂಪನಿಯವರು ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಲೆಕ್ಕದಲ್ಲಿ 2000 ಸಸಿ ಕೊಡ್ತಾರೆ, ಪರಿಸರ ದಿನ ಜೂನ್ 5ಕ್ಕೇ ನೆಡಬೇಕಂತೆ. ಜೆಸಿಬಿ ಒಂದು ದಿನ ಸಿಗುತ್ತೆ. ಮಣ್ಣು ಎಷ್ಟು ಲೋಡ್ ತರಿಸಬೇಕು, ಯಾವ ಗಿಡ ಹಾಕಬೇಕು, ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕದ) ನೀರು ಹಾಕಬಹುದಾ? ತಿಳಿದವರು ಹೇಳಿ.

ಜಲ್ಲಿಪುಡಿ
ಸಾರ್, ಮೊದಲು ಜಾಗ ಯಾರದು ಅಂತ ಕಾಗದದಲ್ಲಿ ನೋಡಿ. ಗೋಮಾಳನಾ, ಅರಣ್ಯನಾ, ಹಿಡುವಳಿನಾ? ಗುತ್ತಿಗೆ ಮುಗಿದಿದ್ದರೂ ಜಾಗ ಸರಿಪಡಿಸಿ ಬಿಟ್ಟುಕೊಡೋ ಹೊಣೆ ಗುತ್ತಿಗೆದಾರನ ಮೇಲೇ ಇರಬಹುದು. ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಆ ಗುತ್ತಿಗೆಯ ಕ್ವಾರಿ ಯೋಜನೆ, ಮುಚ್ಚುವ ಯೋಜನೆ ಕೇಳಿ ಪಡೆಯಿರಿ. ಅವನು ಮಾಡಬೇಕಾದ ಕೆಲಸಕ್ಕೆ ನೀವು ಚಂದಾ ಎತ್ತೋದು ಬೇಡ.

ಎರಡನೇದು ಜೀವದ ಮಾತು. ಹಳೇ ಕ್ವಾರಿಯಲ್ಲಿ ಸಿಡಿಯದೆ ಉಳಿದ ಮದ್ದು ಇರಬಹುದು. ಬಂಡೆಯಲ್ಲಿ ಹಳೇ ಕುಳಿ ಕಂಡರೆ ಅದರೊಳಗೆ ಹಾರೆ, ಡ್ರಿಲ್ ಯಾವುದನ್ನೂ ಇಳಿಸಬೇಡಿ. ಬಣ್ಣದ ವೈರ್ ತುಂಡು ಕಂಡರೆ ಎಳೆಯಬೇಡಿ, ಕೆಲಸ ನಿಲ್ಲಿಸಿ ಪೊಲೀಸರಿಗೆ ತಿಳಿಸಿ. ಗೋಡೆಯ ಬುಡದಲ್ಲಿ, ಅದರಲ್ಲೂ ಮಳೆ ಬಂದ ಮಾರನೇ ದಿನ, ಯಾರನ್ನೂ ನಿಲ್ಲಿಸಬೇಡಿ. ಸಡಿಲ ಕಲ್ಲು ಆಗಲೇ ಉದುರೋದು. ಗುಂಡಿಯ ಅಂಚಿನಿಂದ ಕನಿಷ್ಠ 7.5 ಮೀಟರ್ ಬಿಟ್ಟು ಬೇಲಿ. ಆ ಪಟ್ಟಿಯಲ್ಲಿ ಕಳ್ಳಿ, ಕಾರೆ, ಸೀಗೆ ಥರದ ಮುಳ್ಳುಗಿಡ ಒತ್ತಾಗಿ ಹಾಕಿ. ತಂತಿಬೇಲಿ ಕದ್ದುಹೋಗುತ್ತೆ, ಸೀಗೆಮುಳ್ಳು ಯಾರೂ ಕದಿಯಲ್ಲ.

ಮಣ್ಣುಹುಳ
2000 ಸಸಿ ಅಂದಿದ್ದು ಕೇಳಿ ಮೈ ಜುಂ ಅಂತು. ಲೆಕ್ಕ ಹಾಕೋಣ.

ನೆಡೋಕೆ ಆಗೋದು ದಿಬ್ಬದ ಒಂದೂವರೆ ಎಕರೆಯಲ್ಲಿ ಮಾತ್ರ. ಅಂದ್ರೆ ಸುಮಾರು 6070 ಚದರ ಮೀಟರ್. 3 ಮೀಟರ್‌ಗೆ ಒಂದು ಅಂದರೆ 675 ಗುಂಡಿ, ಅಷ್ಟೇ. ಇಡೀ ದಿಬ್ಬಕ್ಕೆ ಒಂದು ಅಡಿ, ಅಂದರೆ 30 ಸೆಂಟಿಮೀಟರ್, ಮಣ್ಣು ಹರಡ್ತೀನಿ ಅಂದರೆ 1820 ಘನ ಮೀಟರ್ ಬೇಕು. 6 ಘನ ಮೀಟರ್ ಹಿಡಿಯೋ ಟಿಪ್ಪರ್‌ನಲ್ಲಿ 300 ಲೋಡ್. ಯಾರೂ ಕೊಡಲ್ಲ, ಕೊಟ್ಟರೂ ಅದು ಇನ್ನೊಂದು ಊರಿನ ಹೊಲ ಕೆರೆದ ಮಣ್ಣು. ಒಂದು ಕಡೆ ವಾಸಿ ಮಾಡೋಕೆ ಇನ್ನೊಂದು ಕಡೆ ಗಾಯ.

ಅದೇ 45 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿಗೆ ಮಾತ್ರ ಮಣ್ಣು ತುಂಬಿದರೆ 675 ಗುಂಡಿಗೆ 61 ಘನ ಮೀಟರ್, ಹತ್ತು ಲೋಡ್ ಸಾಕು. 60 ಸೆಂಟಿಮೀಟರ್ ಗುಂಡಿ ಆದರೆ 24 ಲೋಡ್. ಗುಂಡಿಯಿಂದ ತೆಗೆದದ್ದನ್ನೇ ಜರಡಿ ಹಿಡಿದು ಅರ್ಧ ವಾಪಸ್ ಹಾಕಿದರೆ ಇನ್ನೂ ಕಮ್ಮಿ. ಉಳಿದ ಜಾಗಕ್ಕೆ ಮಣ್ಣು ತರೋದಲ್ಲ, ಅಲ್ಲೇ ತಯಾರು ಮಾಡೋದು: ಹುಲ್ಲು, ದ್ವಿದಳ, ಪೊದೆ, ಎಲೆಗೊಬ್ಬರದಿಂದ. ಅದಕ್ಕೆ ಎರಡು ಮಳೆಗಾಲ ಹಿಡಿಯುತ್ತೆ.

ಇನ್ನು ಬೆಂಗಳೂರಲ್ಲಿ 'ಕೆಂಪು ಮಣ್ಣು' ಅಂತ ಮಾರೋದು ಬಹುಪಾಲು ಬೇಸ್‌ಮೆಂಟ್ ಅಗೆದ ಪಾಯದ ಮಣ್ಣು. ಹತ್ತು ಇಪ್ಪತ್ತು ಅಡಿ ಆಳದ್ದು. ಬಣ್ಣ ಚೆನ್ನಾಗಿರುತ್ತೆ, ಒಳಗೆ ಜೀವ ಇರಲ್ಲ. ಲೋಡ್ ಇಳಿಸೋ ಮುಂಚೆ ಮೂರು ಕೆಲಸ ಮಾಡಿ. ಒಂದು ಹಿಡಿ ಒದ್ದೆ ಮಾಡಿ ಮೂಸಿ, ಮೊದಲ ಮಳೆಯ ವಾಸನೆ ಬರಬೇಕು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಒಂದು ದಿನ ಬಿಡಿ: ಮರಳು ತಳಕ್ಕೆ, ಅದರ ಮೇಲೆ ಗೋಡು, ಮೇಲೆ ಜೇಡಿ, ಪದರಪದರವಾಗಿ ಕೂರುತ್ತೆ. ಜೇಡಿ ಅರ್ಧಕ್ಕಿಂತ ಹೆಚ್ಚಿದ್ದರೆ ಬೇಡ. ಕೊನೆಗೆ ಸ್ವಲ್ಪ ವಿನೆಗರ್ ಸುರಿಯಿರಿ, ನೊರೆ ಎದ್ದರೆ ಸಿಮೆಂಟ್ ಚೂರೋ ಸುಣ್ಣವೋ ಬೆರೆತಿದೆ ಅಂತ. ಹೊರಗಿನ ಮಣ್ಣಿನ ಜೊತೆ ಕಾಂಗ್ರೆಸ್ ಗಿಡದ ಬೀಜ ಬಂದೇ ಬರುತ್ತೆ. ಮೊದಲ ವರ್ಷ ಹೂ ಬಿಡೋ ಮುಂಚೆ ಕೀಳೋಕೆ ಆಳು ಲೆಕ್ಕದಲ್ಲಿಡಿ.

ಹೊಂಗೆನೆರಳು
ಕೆರೆ ಹೂಳು ಸಿಗೋದಾದರೆ? ಈಗ ಎಲ್ಲಾ ಕಡೆ ಹೂಳೆತ್ತುತ್ತಿದ್ದಾರಲ್ಲ.

ಮಣ್ಣುಹುಳ
ಹಳ್ಳಿ ಕೆರೆಯದ್ದಾದರೆ ಬಂಗಾರ. ಊರಿನ ಒಳಗೆ ಚರಂಡಿ, ಕಾರ್ಖಾನೆ ನೀರು ಸೇರೋ ಕೆರೆಯದ್ದಾದರೆ ಭಾರಲೋಹದ ಪರೀಕ್ಷೆ ಇಲ್ಲದೆ ಮುಟ್ಟಬೇಡಿ. ಒಳ್ಳೆ ಹೂಳನ್ನೂ ಒಂದೇ ಹಾಕಬಾರದು. ಒಣಗಿದಾಗ ಬಿರಿದು ಬೇರು ಹರಿದುಹಾಕುತ್ತೆ. ಒಂದು ಪಾಲು ಹೂಳು, ಎರಡು ಪಾಲು ಸ್ಥಳದ ಜರಡಿ ಮಣ್ಣು, ಅರ್ಧ ಪಾಲು ಕೊಟ್ಟಿಗೆ ಗೊಬ್ಬರ. ಇಲ್ಲಿ ಕ್ರಷರ್ ಪುಡಿಯೂ ಸ್ವಲ್ಪ ಕೆಲಸಕ್ಕೆ ಬರುತ್ತೆ, ಜೇಡಿಯನ್ನು ಸಡಿಲ ಮಾಡುತ್ತೆ.

ನಗರದ ಕಸದ ಕಾಂಪೋಸ್ಟ್ ಕೊಡ್ತೀವಿ ಅಂದರೆ ಪರೀಕ್ಷಾ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನ ಇಸಿ (ಉಪ್ಪಿನಂಶ ತೋರಿಸೋ ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೀಮೆನ್ಸ್ ದಾಟಬಾರದು, ಸೀಸ ಕೆಜಿಗೆ 100 ಮಿಲಿಗ್ರಾಂ ಒಳಗಿರಬೇಕು, ಕ್ಯಾಡ್ಮಿಯಂ 5. ವರದಿ ಇಲ್ಲ ಅಂದರೆ ಬೇಡ ಅನ್ನಿ. ಗಾಜಿನ ಚೂರು ಬೇರೆ ಇರುತ್ತೆ, ಕೈ ಹಾಕಿ ನೆಡೋ ಮಕ್ಕಳ ಗತಿ?

ಸಂಡೂರು_ಕೆಂಪು
ದಿಬ್ಬದ ಇಳಿಜಾರು ಎಷ್ಟೈತಿ ಅಂತ ಯಾರೂ ಕೇಳಲೇ ಇಲ್ಲಲ್ರಿ. ಟಿಪ್ಪರ್ ಸುರಿದದ್ದು ತಾನಾಗಿ ನಿಲ್ಲೋದು ಸುಮಾರು 35ರಿಂದ 38 ಡಿಗ್ರಿಯೊಳಗ. ಆ ಕೋನದಾಗ ಏನು ನೆಟ್ಟರೂ ಒಂದು ದೊಡ್ಡ ಮಳಿಗೆ ಸಸಿ, ಗೊಬ್ಬರ, ಮಣ್ಣು ಎಲ್ಲಾ ಕೂಡಿ ಕೆಳಗ. ಮೊಬೈಲಿನಾಗ ಕೋನ ಅಳೆಯೋ ಆ್ಯಪ್ ಇರ್ತಾವ, ಉದ್ದನ ಹಲಗಿ ಇಳಿಜಾರಿನ ಮ್ಯಾಲ ಇಟ್ಟು ಅದರ ಮ್ಯಾಲ ಮೊಬೈಲ್ ಇಡ್ರಿ. 28 ಡಿಗ್ರಿಗಿಂತ ಕಡಿಮಿ ಬರಬೇಕು. 1ಕ್ಕೆ 2 ಅಂದ್ರ ಇನ್ನೂ ಚಲೋ: 5 ಮೀಟರ್ ಎತ್ತರಕ್ಕ 10 ಮೀಟರ್ ಬುಡ.

ಜೆಸಿಬಿ ಒಂದು ದಿನ ಸಿಗುತ್ತಂದ್ರಲ್ಲ, ಆ ದಿನ ಗುಂಡಿ ತೋಡಾಕ ಹಚ್ಚಬ್ಯಾಡ್ರಿ. ನೆತ್ತಿ ಕೆತ್ತಿ ಬುಡಕ್ಕ ಎಳೀರಿ. ಬುಡದಾಗ ಅಲ್ಲಿರೋ ದಪ್ಪ ಕಲ್ಲಿಂದಲೇ ಒಣಕಲ್ಲಿನ ಗೋಡಿ, ಒಂದು ಮೀಟರ್ ಎತ್ತರ, ತಳ ಒಂದು ಮೀಟರ್ ಅಗಲ. ಸಿಮೆಂಟ್ ಹಾಕಬ್ಯಾಡ್ರಿ. ನೀರು ಸೋಸಿ ಹೋಗಬೇಕು, ಮಣ್ಣು ಉಳೀಬೇಕು. ನೆತ್ತಿ ಹಿಂದ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಕಾಲುವಿ ತೆಗೆದು ಮ್ಯಾಲಿನ ನೀರು ಪಕ್ಕಕ್ಕ ತಿರುಗಿಸ್ರಿ. ಅದು ಗುಂಡಿಗೆ ಬೀಳೋ ಮುಂಚೆ ಒಂದು ಹೂಳುಗುಂಡಿ ಇರಲಿ.

ಬಳ್ಳಾರಿ ಕಡೆ 2011ರಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮ್ಯಾಲ ಪ್ರತಿ ಗಣಿಗೂ ಪುನಶ್ಚೇತನ ಯೋಜನಿ ಬೇಕು ಅಂತಾತು. ಅದರಾಗೂ ಸಸಿಗಿಂತ ಮೊದಲು ಬರೋದು ಇವೇ: ಬುಡದ ಗೋಡಿ, ಕೊರಕಲು ತಡೆ, ಚೆಕ್ ಡ್ಯಾಂ, ಹೂಳುಗುಂಡಿ. ಮಣ್ಣು ನಿಂತರ ಗಿಡ ತಾನಾಗಿ ನಿಲ್ತೈತಿ.

ಬನ್ನೇರುಘಟ್ಟ_ರಸ್ತೆ
ಧನ್ಯವಾದ ಅಣ್ಣ. ಅಳೆದೆ, ರಸ್ತೆ ಕಡೆ 36, ಹಿಂದೆ 31. ಇನ್ನೊಂದು: ಕ್ರಷರ್ ಪುಡಿ ಇರೋ ಕಡೆ ಮಳೆ ಬಂದ ಮೇಲೂ ಕೆಳಗೆ ಒಣಗೇ ಇದೆ. ಮೇಲೆ ಹಪ್ಪಳದ ಥರ ಪದರ.

ಜಲ್ಲಿಪುಡಿ
ಅದೇ ಕಾಯಿಲೆ. ಪುಡಿಯ ಅತಿ ನುಣ್ಣನೆ ಕಣ ಮಳೆಹನಿಗೆ ಎದ್ದು ಮೇಲೆ ಒತ್ತಾಗಿ ಕೂತು ಒಣಗಿದಾಗ ಗಾರೆ ಬಳಿದ ಹಾಗಾಗುತ್ತೆ. ಉಗುರಲ್ಲಿ ಎಬ್ಬಿಸಿದರೆ ಚಕ್ಕೆಚಕ್ಕೆಯಾಗಿ ಏಳುತ್ತೆ, ಕೆಳಗೆ ಗೋಧಿಹಿಟ್ಟಿನ ಹಾಗೆ ಒಣಪುಡಿ. ಬೀಜ ಮೊಳೆತರೂ ಹಪ್ಪಳ ಒಡೆದು ಮೇಲೆ ಬರೋ ಶಕ್ತಿ ಇರಲ್ಲ, ನೀರು ಇಂಗಲ್ಲ, ಹರಿದುಹೋಗುತ್ತೆ.

ಹೊಸದಾಗಿ ಅರೆದ ಗ್ರಾನೈಟ್ ಪುಡಿಯ ಪಿಎಚ್ ಸಾಮಾನ್ಯವಾಗಿ 8 ದಾಟಿರುತ್ತೆ. ಪೊಟ್ಯಾಷ್ ಕಲ್ಲೊಳಗೆ ಬೇಕಾದಷ್ಟಿದೆ, ಆದರೆ ಬೇರಿಗೆ ಸಿಗೋ ರೂಪದಲ್ಲಿಲ್ಲ. ಸಾರಜನಕ ಅಂತೂ ಸೊನ್ನೆ. ಹಾಗಂತ ವಿಷ ಅಲ್ಲ, ಅದು ನಮ್ಮ ಪುಣ್ಯ. ಕೆಜಿಎಫ್‌ನ ಸೈನೈಡ್ ದಿಬ್ಬದ ಜೊತೆ ಇದನ್ನು ಹೋಲಿಸಬಾರದು. ಅಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಹುಡಿಯಲ್ಲಿ ರಾಸಾಯನಿಕವೇ ಸಮಸ್ಯೆ, 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿಗೆ ಧೂಳು ಊರಿಗೇ ಬರುತ್ತೆ. ಇಲ್ಲಿ ಸಮಸ್ಯೆ ಭೌತಿಕ: ಹಪ್ಪಳ, ಗಟ್ಟಿ, ಹಸಿವು.

ಮಾಡಬೇಕಾದ್ದು: ಹಿಟಾಚಿ ಸಿಕ್ಕರೆ ಬಕೆಟ್ ಬದಲು ಒಂಟಿ ಹಲ್ಲು ಹಾಕಿಸಿ, 60 ಸೆಂಟಿಮೀಟರ್ ಆಳಕ್ಕೆ ಇಳಿಜಾರಿಗೆ ಅಡ್ಡವಾಗಿ ಸೀಳಿಸಿ. ಇಳಿಜಾರಿನ ಉದ್ದಕ್ಕೆ ಸೀಳಿದರೆ ಅದೇ ಕೊರಕಲಾಗುತ್ತೆ. ನೆಲ ಒಣಗಿದ್ದಾಗ ಸೀಳಬೇಕು, ಒದ್ದೆಯಲ್ಲಿ ಸೀಳಿದರೆ ಒಡೆಯೋ ಬದಲು ಮೆತ್ತಿಕೊಳ್ಳುತ್ತೆ. ಮುಗಿದ ಮೇಲೆ ಅದರ ಮೇಲೆ ಗಾಡಿ ಹತ್ತಿಸಬೇಡಿ! ಟಿಪ್ಪರ್ ನಾಲ್ಕು ಸಲ ಓಡಾಡಿದರೆ ಮಾಡಿದ್ದೆಲ್ಲ ಹಾಳು. ಮಣ್ಣು ಸುರಿಯೋದು ಮೊದಲು, ಸೀಳೋದು ಆಮೇಲೆ.

ಕಬ್ಬನ್‌ಪೇಟೆ_ನರ್ಸರಿ
ಸಸಿ ಬಗ್ಗೆ. ಕಂಪನಿಯವರು ಆರಡಿ ಎತ್ತರದ ಸಸಿ ಕೊಡ್ತಾರೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಕ್ವಾರಿಗೆ ಅದು ಬೇಡ. ಎಲೆ ಜಾಸ್ತಿ, ಬೇರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸುತ್ತಿ ಹಗ್ಗ ಆಗಿರುತ್ತೆ. ಫೆಬ್ರವರಿ ಬಿಸಿಲಿಗೆ ನೀರು ಸಾಲದೆ ತುದಿಯಿಂದ ಒಣಗುತ್ತೆ. ಎಂಟು ಹತ್ತು ತಿಂಗಳ, ಒಂದೂವರೆ ಅಡಿ ಸಸಿ ಸಾಕು. ನೆಡುವಾಗ ಚೀಲದ ತಳ ಒಂದು ಇಂಚು ಬ್ಲೇಡಿನಲ್ಲಿ ಕತ್ತರಿಸಿ ಬಿಸಾಡಿ, ಸುತ್ತಿದ ಬೇರು ಅಲ್ಲೇ ಇರೋದು. ಪಕ್ಕದಲ್ಲೂ ಎರಡು ಗೀರು. ಚೀಲ ಪೂರ್ತಿ ತೆಗೆಯಿರಿ. ಇದು ಹೇಳಬೇಕಾದ ಮಾತೇ ಅಲ್ಲ, ಆದರೂ ಚೀಲದ ಸಮೇತ ಹೂತ ಸಸಿಗಳು ಎಲ್ಲಾ ಕಡೆ ಸಿಗುತ್ತವೆ.

ಹೊಂಗೆನೆರಳು
ಮೇಡಂ, ಸಣ್ಣ ಸಸಿಯನ್ನು ಮೇಕೆ ಒಂದೇ ಬಾಯಿಗೆ ಮುಗಿಸುತ್ತೆ. ಅರಣ್ಯ ಇಲಾಖೆಯವರು ದೊಡ್ಡ ಚೀಲದ ಎತ್ತರದ ಸಸಿ ಹಾಕೋದು ಅದಕ್ಕೇ.

ಕಬ್ಬನ್‌ಪೇಟೆ_ನರ್ಸರಿ
ಒಪ್ತೀನಿ. ಕಾವಲಿಲ್ಲದ ಜಾಗಕ್ಕೆ ದೊಡ್ಡದೇ ಸರಿ, ಆದರೆ ಆಗ ಗುಂಡಿಯೂ 60 ಸೆಂಟಿಮೀಟರ್ ಆಗಬೇಕು, ನೀರೂ ದುಪ್ಪಟ್ಟು. ಬೇಲಿಗೆ ಖರ್ಚು ಮಾಡೋದಾ, ನೀರಿಗಾ ಅನ್ನೋದಷ್ಟೇ ಪ್ರಶ್ನೆ. ಮೇಕೆ ತಿನ್ನದ ಗಿಡದಿಂದ ಶುರು ಮಾಡಿದರೆ ಎರಡೂ ಉಳಿಯುತ್ತೆ. ತಂಗಡಿ, ಬಂದರೆ ಗಿಡ (ಕೆಲವರು ಹಂಗರಿಕೆ ಅಂತಾರೆ), ಹೊಂಗೆ ಇವನ್ನು ದನ, ಮೇಕೆ ಅಷ್ಟಾಗಿ ಮುಟ್ಟಲ್ಲ. ಸಾವನದುರ್ಗ, ರಾಮನಗರದ ಬೆಟ್ಟಗಳ ಬುಡದಲ್ಲಿ, ತುರಹಳ್ಳಿಯಲ್ಲಿ ಹಿಡಿ ಮಣ್ಣಿರೋ ಬಂಡೆ ಸಂದಿಯಲ್ಲಿ ನಿಂತಿರೋದು ಯಾವುದು ನೋಡಿ. ಅಲ್ಲಿ ಬಂದರೆ ಗಿಡ ಬದುಕಿದ್ದರೆ ನಿಮ್ಮ ದಿಬ್ಬದಲ್ಲೂ ಬದುಕುತ್ತೆ.

ಇನ್ನು ಮರಗಳು: ಹೊಂಗೆ, ಬೇವು, ಕಮರ, ಕಗ್ಗಲಿ, ದಿಂಡಿಗ, ಬಿಳಿಜಾಲಿ, ಕಕ್ಕೆ, ಮುತ್ತುಗ. ಕಲ್ಲು ಸಂದಿಗೆ ಆಲ, ಬಸರಿ, ಗೋಣಿ. ಕಮರಕ್ಕೆ ಚೀಲದ ಸಸಿಗಿಂತ ನೇರ ಬೀಜ ಬಿತ್ತೋದು ಒಳ್ಳೇದು, ತಾಯಿಬೇರು ಶುರುವಿನಲ್ಲೇ ಆಳಕ್ಕೆ ಇಳಿಯೋ ಜಾತಿ, ಚೀಲದಲ್ಲಿ ಅದು ಮಡಚಿಕೊಳ್ಳುತ್ತೆ. ಬೇವಿನ ಬೀಜ ಎರಡು ಮೂರು ವಾರದಲ್ಲೇ ಶಕ್ತಿ ಕಳಕೊಳ್ಳುತ್ತೆ, ಬಿದ್ದ ತಕ್ಷಣ ಬಿತ್ತಬೇಕು. ಆಲ, ಬಸರಿಗೆ ಸಸಿ ಕೂಡ ಬೇಡ. ಮಣಿಕಟ್ಟಿನ ದಪ್ಪದ ಐದಾರಡಿ ಕೊಂಬೆ ಮಳೆಗಾಲಕ್ಕೆ ಮುಂಚೆ ಕಡಿದು, ಮೇಲಿನ ತುದಿಗೆ ಸಗಣಿ ಮೆತ್ತಿ, ಕೆಳಗೆ ಎರಡಡಿ ಹೂತು ಸುತ್ತ ಗಟ್ಟಿಯಾಗಿ ತುಳಿದರೆ ಚಿಗುರುತ್ತೆ.

ಕಾಡುಹುಡುಗ_ಯಲಹಂಕ
ಮಿಯಾವಾಕಿ (ಒತ್ತೊತ್ತಾಗಿ ಸಸಿ ನೆಡೋ ಜಪಾನಿ ವಿಧಾನ) ಮಾಡಿದರೆ ಮೂರು ವರ್ಷದಲ್ಲಿ ಕಾಡು ಅಂತಾರಲ್ಲ? 2000 ಸಸಿ ಅದಕ್ಕೆ ಸರಿಹೋಗುತ್ತೆ.

ಮಣ್ಣುಹುಳ
ಆ ವಿಧಾನದಲ್ಲಿ ಚದರ ಮೀಟರಿಗೆ ಮೂರು ಸಸಿ, ಒಂದು ಮೀಟರ್ ಆಳ ಅಗೆದು ಗೊಬ್ಬರ, ಹೊಟ್ಟು ಬೆರೆಸಿ ಮಣ್ಣು ಸಿದ್ಧ ಮಾಡಬೇಕು. ಒಂದು ಎಕರೆಗೆ 12,000 ಸಸಿ. ನಿಮ್ಮ 2000 ಸಸಿ 670 ಚದರ ಮೀಟರಿಗೆ ಮುಗೀತು, ಅಷ್ಟು ಜಾಗಕ್ಕೇ 670 ಘನ ಮೀಟರ್ ಒಳ್ಳೆ ಮಣ್ಣು ಬೇಕು. ಲೇಔಟಿನ ಪಾರ್ಕ್ ಮೂಲೆಗೆ, ನಲ್ಲಿ ಹತ್ತಿರ ಇರೋ ಕಡೆ ಮಾಡಲಿ, ಬೇಡ ಅನ್ನಲ್ಲ. ಕ್ವಾರಿ ದಿಬ್ಬದಲ್ಲಿ ಅದು ದುಡ್ಡು ಹೂತಂತೆ. ನಮ್ಮ ಮೈದಾನ ಸೀಮೆಯ ಕುರುಚಲು ಕಾಡು ಅಷ್ಟು ದಟ್ಟ ಇರೋದೂ ಇಲ್ಲ.

ಕಾಡುಹುಡುಗ_ಯಲಹಂಕ
ಸರಿ. ಹಾಗಾದರೆ ಗ್ಲಿರಿಸಿಡಿಯಾ (ಬೇಗ ಬೆಳೆಯೋ ಹಸಿರೆಲೆ ಗೊಬ್ಬರದ ಗಿಡ) ಮೊದಲು ಹಾಕಿ ಆಮೇಲೆ ತೆಗೆಯೋದು?

ಹೊಂಗೆನೆರಳು
ಗ್ಲಿರಿಸಿಡಿಯಾ ಬದುಗಳ ಮೇಲೆ ಮಾತ್ರ ಇರಲಿ, ವರ್ಷಕ್ಕೆ ಎರಡು ಸಲ ಸವರಿ ಸೊಪ್ಪು ಗುಂಡಿಗಳಿಗೆ ಹಾಕೋಕೆ. ಸುಬಾಬುಲ್, ಬಳ್ಳಾರಿ ಜಾಲಿ, ಅಕೇಶಿಯಾ ಮಾತ್ರ ತರಲೇಬೇಡಿ. 'ಆಮೇಲೆ ತೆಗೆಯೋದು' ಅನ್ನೋ ಮಾತು ಯಾವ ಬಜೆಟ್ಟಿನಲ್ಲೂ ಇರಲ್ಲ.

ಹುಲ್ಲುಕಡ್ಡಿ
ಹುಲ್ಲಿನ ಬಗ್ಗೆ ಒಬ್ಬರೂ ಸರಿಯಾಗಿ ಹೇಳಿಲ್ಲ. ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಗಣಿಗಾರಿಕೆ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸೋದನ್ನು ಗಣಿ ಗುತ್ತಿಗೆಯ ಷರತ್ತಾಗಿ ಸೇರಿಸಿ ಅಂತ ಕೇಂದ್ರಕ್ಕೆ ಹೇಳಿತು. ಮರ ಅಲ್ಲ, ಹುಲ್ಲು, ದನಕರುಗಳ ಮೇವಿಗೆ. ಯಾಕಂದರೆ ಮೊದಲ ಮಳೆಗೆ ಮಣ್ಣು ಹಿಡಿಯೋದು ಅದೇ. ಒಂದು ಸಸಿಯ ಬೇರು ಮೊದಲ ವರ್ಷ ಹಿಡಿಯೋದು ಒಂದು ಬಕೆಟ್ ಮಣ್ಣು.

ಒಂದು ಎಕರೆಗೆ ಬಿತ್ತನೆ: ಹುರುಳಿ 8ರಿಂದ 10 ಕೆಜಿ, ಸೆಣಬು 5, ಸ್ಟೈಲೋ (ಮೇವಿನ ದ್ವಿದಳ ಗಿಡ) 2, ಅಂಜನ್ ಹುಲ್ಲು 2, ತಂಗಡಿ 1 ಕೆಜಿ, ಬಂದರೆ ಅರ್ಧ ಕೆಜಿ. ಸಣ್ಣ ಬೀಜಗಳನ್ನು ಐದರಷ್ಟು ಒಣ ಮರಳಿನ ಜೊತೆ ಕಲಸಿ ಚೆಲ್ಲಿ, ಇಲ್ಲದಿದ್ದರೆ ಒಂದೇ ಕಡೆ ಬೀಳುತ್ತೆ. ಹುರುಳಿ, ಸೆಣಬಿಗೆ ರೈಜೋಬಿಯಂ (ಗಾಳಿಯ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ) ಪುಡಿ ಬೆಲ್ಲದ ನೀರಲ್ಲಿ ಕಲಸಿ ಸವರಿ ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ಈ ದಿಬ್ಬದಲ್ಲಿ ಅದರ ಬ್ಯಾಕ್ಟೀರಿಯಾ ತಾನಾಗಿ ಇರಲ್ಲ. ಸ್ಟೈಲೋ ಹೊರಗಿನದು, ಬೇಡ ಅನ್ನೋರು ಹುರುಳಿಯನ್ನೇ ಹೆಚ್ಚಿಸಿಕೊಳ್ಳಿ, ತಪ್ಪಿಲ್ಲ. ಸೆಣಬು ಹೂ ಬಿಡೋ ಹೊತ್ತಿಗೆ ಕಡಿದು ಅಲ್ಲೇ ಮಲಗಿಸಿ.

28 ಡಿಗ್ರಿ ಹತ್ತಿರದ ಇಳಿಜಾರಿಗೆ ನಾರಿನ ಬಲೆ ಹಾಸಿ. ಪೀಣ್ಯದಲ್ಲಿ ತೆಂಗಿನ ನಾರು ಮಂಡಳಿಯ ತಂತ್ರಜ್ಞಾನ ಸಂಸ್ಥೆ ಇದೆ, ಯಾವ ಇಳಿಜಾರಿಗೆ ಯಾವ ಬಲೆ ಅಂತ ಕೇಳಬಹುದು. ಚದರ ಮೀಟರಿಗೆ 400 ಗ್ರಾಂ ತೂಕದ್ದು ಸಾಮಾನ್ಯ ಇಳಿಜಾರಿಗೆ, 700 ಗ್ರಾಂ ಕಡಿದಾದ್ದಕ್ಕೆ. ಮೊದಲು ಬೀಜ, ಆಮೇಲೆ ಬಲೆ. ನೆತ್ತಿಯಲ್ಲಿ ಒಂದಡಿ ಕಾಲುವೆ ತೋಡಿ ಬಲೆಯ ತುದಿ ಹೂತು ಕೆಳಕ್ಕೆ ಉರುಳಿಸಿ. ಎರಡು ಬಲೆ ಸೇರೋ ಕಡೆ 15 ಸೆಂಟಿಮೀಟರ್ ಒಂದರ ಮೇಲೊಂದು, ಮೇಲಿನದ್ದು ಮೇಲೆ. ಮೀಟರಿಗೊಂದು ಯು ಆಕಾರದ ಗೂಟ. ಬಲೆ ನೆಲಕ್ಕೆ ಅಂಟಿರಬೇಕು. ಕಲ್ಲಿನ ಮೇಲೆ ಡೇರೆ ಥರ ಎದ್ದು ನಿಂತರೆ ನೀರು ಅದರ ಕೆಳಗೇ ಹರಿದು ಕೊರಕಲು ಮಾಡುತ್ತೆ, ಮೇಲಿಂದ ಕಾಣೋದೂ ಇಲ್ಲ. ಹೆಚ್ಚು ಕಮ್ಮಿ ಬಲೆ ಸೋಲೋದೆಲ್ಲ ಇಲ್ಲೇ.

ಲಾವಂಚ ಹಾಕೋದಾದರೆ ಅಡ್ಡಸಾಲಿನಲ್ಲಿ 10ರಿಂದ 15 ಸೆಂಟಿಮೀಟರಿಗೊಂದು ಬುಡ, ಸಾಲಿನಿಂದ ಸಾಲಿಗೆ ಒಂದು ಮೀಟರ್ ಇಳಿತ. ನಡುವೆ ಅಂತರ ಬಿಟ್ಟರೆ ಅದು ಬೇಲಿ ಆಗಲ್ಲ, ಬಾಗಿಲಾಗುತ್ತೆ.

ಬನ್ನೇರುಘಟ್ಟ_ರಸ್ತೆ
ಬಂಡೆ ಚಪ್ಪಡಿ ಜಾಗಕ್ಕೆ? ಕಂಪ್ರೆಸರ್ ತಂದು ಬಂಡೆಯಲ್ಲಿ ಎರಡಡಿ ಗುಂಡಿ ಹೊಡೆಸಿ ಮಣ್ಣು ತುಂಬೋಣ ಅಂತಿದ್ದಾರೆ.

ಜಲ್ಲಿಪುಡಿ
ದಯವಿಟ್ಟು ಬೇಡ. ಬಂಡೆಯಲ್ಲಿ ಕೊರೆದ ಗುಂಡಿ ಅಂದರೆ ಬೋಗುಣಿ. ಬೆಂಗಳೂರಲ್ಲಿ ವರ್ಷಕ್ಕೆ ಬೀಳೋ ಸುಮಾರು 970 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ತನಕ. ಆಗ ನೀರು ಹೊರಗೆ ಹೋಗೋಕೆ ದಾರಿಯಿಲ್ಲದೆ ಬೇರು ಉಸಿರುಕಟ್ಟಿ ಕೊಳೆಯುತ್ತೆ. ಎಲೆ ಹಳದಿಯಾಗಿ ಜೋತುಬೀಳುತ್ತೆ, ಜನ ನೀರು ಸಾಲಿಲ್ಲ ಅಂತ ಇನ್ನಷ್ಟು ಹೊಯ್ಯುತ್ತಾರೆ. ಸಂಶಯ ಇದ್ದರೆ ಪರೀಕ್ಷೆ ಸುಲಭ: ಸಂಜೆ ಗುಂಡಿ ತುಂಬ ನೀರು ಹಾಕಿ. ಮಾರನೇ ಸಂಜೆಗೂ ನಿಂತಿದ್ದರೆ ಅಲ್ಲಿ ಮರ ಬೇಡ. ಬಿರುಕು ಸಿಡಿದ ಕಡೆ ಮಾತ್ರ ಇಂಗುತ್ತೆ, ಅಲ್ಲಿ ಬಸರಿ, ಆಲ.

ಚಪ್ಪಡಿಯ ಮೇಲೆ ಬೇಕೇ ಬೇಕು ಅಂದರೆ ಇಳಿಜಾರಿಗೆ ಅಡ್ಡವಾಗಿ ಅರ್ಧಚಂದ್ರಾಕಾರದಲ್ಲಿ ಕಲ್ಲು ಜೋಡಿಸಿ, ಒಳಗೆ ಒಂದೂವರೆ ಅಡಿ ಮಣ್ಣು ಗುಡ್ಡೆ ಹಾಕಿ, ಬಂದರೆ ಬೀಜ, ಹುಲ್ಲು ಬಿತ್ತಿ. ನೀರು ಕಲ್ಲಿನ ಸಂದಿಯಿಂದ ಹೊರಗೆ ಹೋಗುತ್ತೆ.

ಹುಲ್ಲುಕಡ್ಡಿ
ಅದನ್ನೂ ಎಲ್ಲಾ ಕಡೆ ಮಾಡಬೇಡಿ. ಬರಿಬಂಡೆಗೂ ಅದರದ್ದೇ ಸಸ್ಯ ಇದೆ. ಕಲ್ಲುಹೂವು, ಪಾಚಿ, ಒಣಗಿ ಮುದುರಿ ಮಳೆಗೆ ಮತ್ತೆ ಬಿಚ್ಚಿಕೊಳ್ಳೋ ಗಿಡಗಳು. ಕ್ವಾರಿ ಗೋಡೆಯ ಚಾಚುಗಳಲ್ಲಿ ಕೊಂಬಿನ ಗೂಬೆ ಗೂಡು ಮಾಡುತ್ತೆ. ಗೋಡೆಗೆ ಬಳ್ಳಿ ಹಬ್ಬಿಸಿ 'ಹಸಿರು' ಮಾಡೋ ಹುಚ್ಚು ಬೇಡ. ಹಕ್ಕಿ ಕೂರೋಕೆ ಹತ್ತಡಿಯ ನಾಲ್ಕು ಒಣ ಕೊಂಬೆ ದಿಬ್ಬದಲ್ಲಿ ನೆಡಿ, ಅತ್ತಿ, ಆಲದ ಬೀಜ ಅವೇ ತರುತ್ತವೆ.

ಸಂಡೂರು_ಕೆಂಪು
ಗುಂಡಿ ತುಂಬಿಸ್ತೀವಿ ಅಂತ ಯಾರರ ಕಸದ ಲಾರಿ ತಂದ್ರ ಒಪ್ಪಬ್ಯಾಡ್ರಿ. ಬೆಂಗಳೂರಿನ ಸುತ್ತ ಬೆಳ್ಳಹಳ್ಳಿ, ಮಿಟಗಾನಹಳ್ಳಿ ಕ್ವಾರಿಗಳು ಕಸದ ಗುಂಡಿ ಆಗಿದ್ದು ಎಲ್ಲಾರಿಗೂ ಗೊತ್ತೈತಿ. ಕೊಳೀತಿರೋ ಕಸದ ಮ್ಯಾಲ ಮಣ್ಣು ಮುಚ್ಚಿ ಮರ ನೆಟ್ಟರ ಮೀಥೇನ್ ಮ್ಯಾಲೆದ್ದು ಬೇರಿನ ಆಮ್ಲಜನಕ ತಳ್ಳಿಬಿಡ್ತೈತಿ, ಬಂಡಿ ಬಿರುಕಿನಾಗಿಂದ ಕೊಳಿನೀರು ಬೋರ್‌ವೆಲ್‌ಗೆ ಇಳೀತೈತಿ.

ಬನ್ನೇರುಘಟ್ಟ_ರಸ್ತೆ
ಇಲ್ಲ, ಗುಂಡಿ ನೀರಿಗೇ ಬಿಡ್ತೀವಿ. ಎಸ್‌ಟಿಪಿ ನೀರಿನ ಪ್ರಶ್ನೆ ಉಳೀತು.

ಮಣ್ಣುಹುಳ
ನಿಮ್ಮ ಅಪಾರ್ಟ್‌ಮೆಂಟಲ್ಲಿ ನೀರು ಮೆದು ಮಾಡೋ ಸಾಫ್ಟ್‌ನರ್ ಇದೆಯಾ? ಬೋರ್ ನೀರಿನ ಕಟ್ಟಡ ಆದರೆ ಇದ್ದೇ ಇರುತ್ತೆ. ಅದಕ್ಕೆ ಹಾಕೋ ಮೂಟೆ ಮೂಟೆ ಉಪ್ಪು ತೊಳೆದ ನೀರು ಎಸ್‌ಟಿಪಿಗೇ ಹೋಗುತ್ತೆ. ಎಸ್‌ಟಿಪಿ ಕೊಳೆ ತೆಗೆಯುತ್ತೆ, ಉಪ್ಪು ತೆಗೆಯಲ್ಲ. ಆ ಸೋಡಿಯಂ ಜೇಡಿಕಣಗಳನ್ನು ಬಿಡಿಸಿ ಮೇಲೆ ಮತ್ತೆ ಅದೇ ಹಪ್ಪಳ ಕಟ್ಟುತ್ತೆ. ಇಸಿ ಮೀಟರ್‌ನಲ್ಲಿ ನೋಡಿ: ಮೀಟರಿಗೆ 0.75 ಡೆಸಿಸೀಮೆನ್ಸ್ ಒಳಗಿದ್ದರೆ ನಿಶ್ಚಿಂತೆ. 0.75ರಿಂದ 2.25ರ ನಡುವೆ ಇದ್ದರೆ ಬೇಸಿಗೆಯಲ್ಲಿ ಮಾತ್ರ, ಗುಂಡಿಗೆ 200 ಗ್ರಾಂ ಜಿಪ್ಸಂ ಜೊತೆ, ಮಳೆಗಾಲದಲ್ಲಿ ತೊಳೆದುಹೋಗೋ ಭರವಸೆಯಲ್ಲಿ. ಅದಕ್ಕಿಂತ ಹೆಚ್ಚಿದ್ದರೆ ಬೇಡ. ಇಸಿ ಒಟ್ಟು ಉಪ್ಪನ್ನು ಹೇಳುತ್ತೆ, ಸೋಡಿಯಂ ಎಷ್ಟು ಅಂತ ಹೇಳಲ್ಲ, ಹಾಗಾಗಿ ಒಂದು ಸಲ ಲ್ಯಾಬಿಗೆ ಕೊಟ್ಟು ಎಸ್ಎಆರ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದ ಸೋಡಿಯಂ ಪ್ರಮಾಣ) ಬರೆಸಿ. ಮಣ್ಣನ್ನೂ ಜಿಕೆವಿಕೆಗೆ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಕೊಡಿ, ಪಿಎಚ್, ಇಸಿ, ಸಾವಯವ ಇಂಗಾಲ, ರಂಜಕ ಕೇಳಿ. ದಿಬ್ಬದ ನಾಲ್ಕಾರು ಕಡೆಯದ್ದನ್ನು ಕಲಸಿ ಒಂದೇ ಮಾದರಿ ಮಾಡಬೇಡಿ, ಪುಡಿ ಇರೋ ಕಡೆಯದ್ದು ಬೇರೆ, ಮಣ್ಣಿರೋ ಕಡೆಯದ್ದು ಬೇರೆ.

ಗುಂಡಿಗೆ: 5 ಕೆಜಿ ಹಳೇ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ, ಬೇರಿಗೆ ತಾಗೋ ಹಾಗೆ 50 ಗ್ರಾಂ ವ್ಯಾಮ್ (ಬೇರಿಗೆ ರಂಜಕ ಒದಗಿಸೋ ಶಿಲೀಂಧ್ರದ ಗೊಬ್ಬರ). ಡಿಎಪಿ ಸುರಿಯಬೇಡಿ, ರಂಜಕ ಜಾಸ್ತಿಯಾದರೆ ವ್ಯಾಮ್ ಶಿಲೀಂಧ್ರ ಬೇರು ಹಿಡಿಯಲ್ಲ. ಹಸಿ ತೆಂಗಿನ ನಾರಿನ ಪುಡಿಯನ್ನು ಗುಂಡಿಯೊಳಗೆ ಬೆರೆಸಬೇಡಿ, ಅದು ಕೊಳೆಯುವಾಗ ಇರೋ ಸಾರಜನಕವನ್ನೂ ಎಳ್ಕೊಳ್ಳುತ್ತೆ, ಗಿಡ ಹಳದಿ. ಮುಚ್ಚಿಗೆಯಾಗಿ ಮೇಲೆ ಹಾಕಬಹುದು. ಮುಚ್ಚಿಗೆಗೆ ರಾಗಿಹುಲ್ಲು ಬೇಡ, ದನ ಅದಕ್ಕೇ ಬರುತ್ತೆ. ರಸ್ತೆ ಗುಡಿಸಿದ ಎಲೆ ಚೀಲಗಟ್ಟಲೆ ಸುಡ್ತಾರಲ್ಲ, ಅದನ್ನು ತನ್ನಿ, ಪ್ಲಾಸ್ಟಿಕ್ ಆರಿಸಿ ನಾಲ್ಕು ಇಂಚು ಹಾಸಿ. ಕಾಂಡಕ್ಕೆ ತಾಗದ ಹಾಗೆ, ತಾಗಿದರೆ ಗೆದ್ದಲು.

ಬನ್ನೇರುಘಟ್ಟ_ರಸ್ತೆ
ಹಾಗಾದರೆ 675 ಗುಂಡಿಗೆ ಒಂದು ಟ್ಯಾಂಕರ್ ನೀರು ಸಾಕು ಅಲ್ವಾ ಒಂದು ಸರದಿಗೆ? ಜೂನ್ 5ಕ್ಕೆ ಕಂಪನಿಯವರಿಗೆ ಏನು ಹೇಳೋದು?

ಕಬ್ಬನ್‌ಪೇಟೆ_ನರ್ಸರಿ
ಗಿಡಕ್ಕೆ 10 ಲೀಟರ್ ಅಂದರೆ 6750 ಲೀಟರ್, 6000ದ ಟ್ಯಾಂಕರ್ ಸಾಲಲ್ಲ. ಅದಕ್ಕೆ ಈ ವರ್ಷ 300 ಮರ ಮಾತ್ರ ಇಡಿ, ಒಂದು ಟ್ಯಾಂಕರ್‌ನಲ್ಲಿ ಗಿಡಕ್ಕೆ 20 ಲೀಟರ್ ಬರುತ್ತೆ. ಡಿಸೆಂಬರ್‌ನಿಂದ ಮೇ ತನಕ ಹತ್ತು ದಿನಕ್ಕೊಮ್ಮೆ, ಹದಿನೆಂಟು ಸರದಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತೆ, ಹತ್ತು ದಿನಕ್ಕೆ ಒಮ್ಮೆ ತುಂಬ ಹಾಕಿದರೆ ಕೆಳಗೆ ಹುಡುಕಿ ಹೋಗುತ್ತೆ. ಉಳಿದ 375 ಗುಂಡಿ ಮುಂದಿನ ವರ್ಷ, ಸತ್ತವುಗಳ ಜಾಗಕ್ಕೂ ಆಗ.

ಕಂಪನಿಯವರಿಗೆ ಸಸಿಯ ದುಡ್ಡಲ್ಲಿ ಹಿಟಾಚಿ ಎರಡು ದಿನ, ನಾರಿನ ಬಲೆ, ಮೂರು ವರ್ಷ ಒಬ್ಬ ಕಾವಲುಗಾರ ಕೇಳಿ. ಜೂನ್ 5ಕ್ಕೆ ಅವರು ಬಂದು ಹುರುಳಿ ಬಿತ್ತಲಿ, ಅದಕ್ಕೂ ಫೋಟೋ ಬರುತ್ತೆ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಮಳೆ ಕೈಕೊಡೋದು ಇದ್ದದ್ದೇ, ಸಸಿಯನ್ನು ಜುಲೈ ಕೊನೆಯಿಂದ ಆಗಸ್ಟ್ ನಡುವೆ, ಒಂದಡಿ ಆಳ ಒದ್ದೆಯಾದ ಮೇಲೆ ನೆಡಿ.

ಹುಲ್ಲುಕಡ್ಡಿ
ಜನವರಿಯಲ್ಲೇ ದಿಬ್ಬದ ಸುತ್ತ ಮೂರು ಮೀಟರ್ ಹುಲ್ಲು ಹೆರೆದು ಬೆಂಕಿ ರೇಖೆ ಮಾಡಿ. ಕೊಯ್ದ ಹುಲ್ಲು ಊರಿನವರಿಗೇ ಕೊಡಿ, ಹೊತ್ತುಕೊಂಡು ಹೋಗಲಿ, ದನ ಒಳಗೆ ಬಿಡೋದು ಬೇಡ.

ಬನ್ನೇರುಘಟ್ಟ_ರಸ್ತೆ
ಒಪ್ಪಿದ್ದಾರೆ, ಬಲೆಗೆ ಮಾತ್ರ ಅರ್ಧ ದುಡ್ಡು ಅಂತೆ. ತಂಗಡಿ, ಬಂದರೆ ಬೀಜ ಹಾಗೇ ಚೆಲ್ಲಬಹುದಾ?

ಕಬ್ಬನ್‌ಪೇಟೆ_ನರ್ಸರಿ
ಹಾಗೇ ಚೆಲ್ಲಿದರೆ ಬಹಳಷ್ಟು ಮೊಳೆಯಲ್ಲ, ಸಿಪ್ಪೆ ಗಟ್ಟಿ. ನೀರು ಕುದಿಸಿ ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟು, ಬೀಜದ ಐದರಷ್ಟು ನೀರು ಅದರ ಮೇಲೆ ಸುರಿಯಿರಿ. ಒಲೆ ಮೇಲೆ ಇಟ್ಟು ಬೇಯಿಸಬೇಡಿ. ಅದೇ ನೀರಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಆರಿಸಿ ಅವತ್ತೇ ಬಿತ್ತಿ, ಉಬ್ಬದೆ ಉಳಿದದ್ದಕ್ಕೆ ಇನ್ನೊಂದು ಸಲ ಬಿಸಿನೀರು. ಅರ್ಧ ಬಲೆಯನ್ನು 36 ಡಿಗ್ರಿ ಇದ್ದ ರಸ್ತೆ ಕಡೆಗೆ ಹಾಕಿ, ಆದರೆ ಎರಡೂ ಕಡೆ 28ರ ಒಳಗೆ ಕೆತ್ತಿ ಇಳಿಸಿದ ಮೇಲೆ. ಹಿಂದಿನ ಕಡೆಗೆ ಅಡ್ಡಸಾಲಲ್ಲಿ ಕಲ್ಲು ಜೋಡಿಸಿ ಹುರುಳಿ ಒತ್ತಾಗಿ ಬಿತ್ತಿದರೆ ಆದೀತು.